ಫೋಮ್ ಬೋರ್ಡ್ ನೀರು ಕುಡಿಯಲ್ಲ, ಸರಿ. ಸಂದಿನ ಕಥೆ ಏನು?

ಹೊರಗೋಡೆಗೆ ಹೊಡೆದ ಫೋಮ್ ಬೋರ್ಡ್ ಮೇಲೆ ಕಟ್ಟಡ ಇನ್‌ಸ್ಪೆಕ್ಟರ್ ಕಪ್ಪು ಮಾರ್ಕರ್‌ನಲ್ಲಿ ಒಂದು ಸಾಲು ಬರೆದು ಹೋಗಿದ್ದರು: ‘ಆರ್703.2. ನೀರು ತಡೆಯುವ ಪದರ ಎಲ್ಲಿ? ದಾಖಲೆ ತೋರಿಸಿ.’ ಆ ಫೋಟೋ ನನ್ನ ಫೋನಿಗೆ ಬಂದಾಗ ಸಂಜೆ ಆರು ಗಂಟೆ. ಅದರ ಹಿಂದೆಯೇ ಆ ಮನೆಯ ಯಜಮಾನರ ಕರೆ ಬಂತು.

‘ಸರ್, ಎರಡಿಂಚು ದಪ್ಪದ ಫೋಮ್ ಹಾಕಿಸಿದ್ದೀವಿ. ಸಂದಿಗೆಲ್ಲ ಟೇಪ್ ಹಾಕಿದೆ. ಫೋಮ್ ನೀರೇ ಕುಡಿಯಲ್ಲ ಅಂತಾನೆ ಕಾಂಟ್ರಾಕ್ಟರ್. ಇವರಿಗೆ ಇನ್ನೇನು ಬೇಕಂತೆ?’

ನಾನು ಅಮೆರಿಕದಲ್ಲಿ ಮನೆಗಳ ಹೊರಗೋಡೆ, ಕಿಟಕಿಗಳ ಸೋರಿಕೆ ನೋಡುವ ಕೆಲಸ ಮಾಡುತ್ತೇನೆ. ಈ ಪ್ರಶ್ನೆ ನನಗೆ ಹೊಸದಲ್ಲ. ಪ್ರತಿ ಸಲ ಕೇಳುವವರು ಮಾತ್ರ ಬೇರೆ. ಈ ಮನೆಯ ವಿಷಯ ಪೂರ್ತಿ ಬರೆಯುತ್ತಿರುವುದಕ್ಕೆ ಕಾರಣ ಇದೆ. ಇಲ್ಲಿ ಕಾಗದ ಸರಿಯಿಲ್ಲದ ಗೋಡೆಯೂ ಇತ್ತು, ಕಾಗದ ಸರಿಯಿದ್ದೂ ಸೋರಿದ ಗೋಡೆಯೂ ಇತ್ತು.

ಮನೆ ಚಳಿ ಜಾಸ್ತಿ ಇರುವ ಕಡೆಯದು, ಕೋಡ್ (ಕಟ್ಟಡ ನಿಯಮಾವಳಿ) ಪ್ರಕಾರ ಹವಾಮಾನ ವಲಯ 5. ಎರಡು ಅಂತಸ್ತು, ಮರದ ಚೌಕಟ್ಟು, 2x4 ಸ್ಟಡ್‌ಗಳು (ಗೋಡೆಯೊಳಗೆ ನೆಟ್ಟಗೆ ನಿಲ್ಲುವ ಮರದ ತುಂಡುಗಳು), ಹೊರಗೆ ಒಎಸ್‌ಬಿ, ಅಂದರೆ ಮರದ ಚೂರು ಒತ್ತಿ ಮಾಡಿದ ಹಲಗೆ. ಹಳೆಯ ಸೈಡಿಂಗ್, ಅಂದರೆ ಗೋಡೆಯ ಹೊರಮೈ ಹೊದಿಕೆ ಕಿತ್ತು, ಒಎಸ್‌ಬಿ ಮೇಲೆ ಎರಡಿಂಚಿನ ಎಕ್ಸ್‌ಪಿಎಸ್ (ಪಾಲಿಸ್ಟೈರೀನ್) ಫೋಮ್ ಹಾಕಿ, ಮೇಲೆ ಮರದ ಪಟ್ಟಿ ಹೊಡೆದು ಫೈಬರ್ ಸಿಮೆಂಟ್ ಸೈಡಿಂಗ್ ಕೂರಿಸುವುದು ಯೋಜನೆ. ಎಕ್ಸ್‌ಪಿಎಸ್ ಇಂಚಿಗೆ ಸುಮಾರು ಆರ್-5 ಕೊಡುತ್ತದೆ; ಇಲ್ಲಿ ಆರ್ ಅಂದರೆ ಶಾಖ ದಾಟದಂತೆ ತಡೆಯುವ ಶಕ್ತಿಯ ಅಳತೆ. ಸ್ಟಡ್‌ಗಳ ನಡುವೆ ಆರ್-13, ಹೊರಗೆ ಆರ್-10. ಬಿಸಿ ಉಳಿಸುವ ಲೆಕ್ಕದಲ್ಲಿ ಈ ಗೋಡೆಗೆ ಯಾವ ತಕರಾರೂ ಇಲ್ಲ. ಫೋಮ್‌ಗೆ ಟೇಪ್ ಹಾಕಿದರೆ ಅದೇ ನೀರು ತಡೆಯುತ್ತದೆ, ಬೇರೆ ಹೌಸ್‌ರ‍್ಯಾಪ್ ಯಾಕೆ ಅಂತ ಕಾಂಟ್ರಾಕ್ಟರ್ ಅದನ್ನು, ಅಂದರೆ ಮನೆ ಸುತ್ತ ಹೊದಿಸುವ ನೀರು ತಡೆಯುವ ಹಾಳೆಯನ್ನು, ಬಿಟ್ಟಿದ್ದ. ಯೋಚನೆ ತಪ್ಪಲ್ಲ, ಕೋಡ್ ಇದಕ್ಕೆ ದಾರಿ ಕೊಡುತ್ತದೆ. ಆದರೆ ಆ ದಾರಿಯಲ್ಲಿ ಹೋಗುವವರು ಸಾಬೀತು ಮಾಡಬೇಕು.

ಸಾಬೀತಿಗೆ ಅಂತ ಕಾಂಟ್ರಾಕ್ಟರ್ ಕೊಟ್ಟಿದ್ದು ಎರಡು ಹಾಳೆಯ ಡೇಟಾ ಶೀಟ್. ಅದರಲ್ಲಿ ಒಂದು ಸಾಲಿಗೆ ಹಳದಿ ಬಣ್ಣ ಬಳಿದಿದ್ದ: ಎಎಸ್‌ಟಿಎಂ ಸಿ578, ನೀರು ಹೀರುವಿಕೆ ಗರಿಷ್ಠ 0.3 ಶೇಕಡಾ. ಎಎಸ್‌ಟಿಎಂ ಅಂದರೆ ವಸ್ತುಗಳಿಗೆ, ಪರೀಕ್ಷೆಗಳಿಗೆ ಮಾನದಂಡ ಬರೆಯುವ ಸಂಸ್ಥೆ. ಆ ಅಂಕಿ ನಿಜವಾದದ್ದೇ. ಆದರೆ ಅದನ್ನು ಅಳೆಯುವುದು ಹೇಗೆ ಅಂತ ನೋಡಿ. ಫೋಮ್‌ನ ಸಣ್ಣ ತುಂಡು ಕತ್ತರಿಸಿ, ತೂಕ ಮಾಡಿ, 24 ಗಂಟೆ ನೀರಿನಲ್ಲಿ ಮುಳುಗಿಸಿ, ತೆಗೆದು ಮತ್ತೆ ತೂಕ ಮಾಡುತ್ತಾರೆ. ಗೊತ್ತಾಗುವುದು ಇಷ್ಟೇ: ಈ ವಸ್ತು ಎಷ್ಟು ನೀರು ಕುಡಿಯಿತು. ಎರಡು ಬೋರ್ಡ್ ಪಕ್ಕಪಕ್ಕ ಇಟ್ಟಾಗ ನಡುವೆ ಏನಾಗುತ್ತದೆ ಅಂತ ಆ ಪರೀಕ್ಷೆ ಕೇಳುವುದೇ ಇಲ್ಲ. ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಹೆಂಚು ಗಟ್ಟಿಯಾಗೇ ಇರುತ್ತದೆ, ಸೋರುವುದು ಒಂದು ಹೆಂಚು ಸರಿದ ಜಾಗದಲ್ಲಿ. ಮನೆಯವರಿಗೆ ಇಷ್ಟು ಹೇಳಿದ್ದೇ ತಡ, ‘ಗೊತ್ತಾಯ್ತು ಸರ್’ ಅಂದರು.

ಅವರ ಮನೆಯ ಸಂದುಗಳ ಲೆಕ್ಕ ಹಾಕಿದೆವು. ನಾಲ್ಕಡಿ ಅಗಲ, ಎಂಟಡಿ ಉದ್ದದ ಒಂದು ಬೋರ್ಡಿನ ಸುತ್ತಳತೆ 24 ಅಡಿ. ಪ್ರತಿ ಅಂಚನ್ನೂ ಎರಡು ಬೋರ್ಡ್ ಹಂಚಿಕೊಳ್ಳುವುದರಿಂದ ಒಂದು ಬೋರ್ಡಿಗೆ 12 ಅಡಿ ಸಂದು. ಗೋಡೆಗೆ 60 ಬೋರ್ಡ್ ಹಿಡಿದಿತ್ತು. ಹತ್ತಿರ ಹತ್ತಿರ 700 ಅಡಿ ಸಂದು! ಅದರ ಮೇಲೆ 14 ಕಿಟಕಿ, ಪೈಪು, ಲೈಟಿನ ಡಬ್ಬಿ, ನೂರಾರು ಸ್ಕ್ರೂ. ಈ ಸಂದುಗಳು ಸುಮ್ನೆ ಇರುವುದೂ ಇಲ್ಲ. ಎಕ್ಸ್‌ಪಿಎಸ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಮೀಟರಿಗೆ 0.063 ಮಿಲಿಮೀಟರ್ ಹಿಗ್ಗುತ್ತದೆ. ಎಂಟಡಿ ಬೋರ್ಡಿಗೆ ಬೇಸಿಗೆ–ಚಳಿಗಾಲದ ನಡುವೆ 40 ಡಿಗ್ರಿ ವ್ಯತ್ಯಾಸ ಬಂದರೆ ಸುಮಾರು 6 ಮಿಲಿಮೀಟರ್. ಸ್ಕ್ರೂ ಹಿಡಿದಿರುತ್ತದೆ, ಅಷ್ಟೂ ಸರಿದಾಡುವುದಿಲ್ಲ. ಆದರೂ ಆ ಎಳೆತವನ್ನೆಲ್ಲ ತಡೆದುಕೊಳ್ಳಬೇಕಾದದ್ದು ಸಂದಿನ ಮೇಲಿನ ಟೇಪ್.

ಈಗ ಕೋಡ್ ವಿಷಯ. ಆ ಊರಿನಲ್ಲಿ ಜಾರಿಯಲ್ಲಿದ್ದದ್ದು ಐಆರ್‌ಸಿಯ, ಅಂದರೆ ವಾಸದ ಮನೆಗಳ ಕಟ್ಟಡ ಕೋಡಿನ, 2021ರ ಆವೃತ್ತಿ. ಅದರ ಆರ್703.2 ಅನ್ನುವ ವಿಭಾಗ ಹೊರಗೋಡೆಗೆ ನೀರು ತಡೆಯುವ ಪದರ ಬೇಕೇ ಬೇಕು ಅನ್ನುತ್ತದೆ. ಹಳೆಯ ಕಾಲದಿಂದ ಬಂದ ದಾರಿ 15 ನಂಬರಿನ ಡಾಂಬರು ಫೆಲ್ಟ್. ಎರಡನೆಯದು ಎಎಸ್‌ಟಿಎಂ ಇ2556ಕ್ಕೆ ಒಪ್ಪುವ ಹಾಳೆ, ಅಂದರೆ ಹೌಸ್‌ರ‍್ಯಾಪ್ ಥರದ್ದು. ಆ ಹಾಳೆ ಪಾಸಾಗುವ ಒಂದು ವಿಧಾನದಲ್ಲಿ 55 ಸೆಂಟಿಮೀಟರ್ ನೀರಿನ ಒತ್ತಡವನ್ನು ಐದು ಗಂಟೆ ಸೋರದೆ ತಡೆದುಕೊಳ್ಳಬೇಕು. ಇನ್ನೊಂದು ದಾರಿ ನಮಗೆ ಬೇಕಾದದ್ದು. ಫೋಮ್ ಶೀತಿಂಗನ್ನೇ (ಗೋಡೆಗೆ ಹೊಡೆದ ಫೋಮ್ ಬೋರ್ಡನ್ನೇ) ನೀರು ತಡೆಯುವ ವ್ಯವಸ್ಥೆಯಾಗಿ ಬಳಸುವುದು. ‘ವ್ಯವಸ್ಥೆ’ ಅನ್ನುವ ಪದವನ್ನು ಸುಮ್ನೆ ಹೇಳುತ್ತಿಲ್ಲ. ಬೋರ್ಡ್, ಟೇಪ್, ಸ್ಕ್ರೂ, ಫ್ಲ್ಯಾಶಿಂಗ್ (ಸಂದಿನಲ್ಲಿ ನೀರನ್ನು ಹೊರಕ್ಕೆ ತಿರುಗಿಸುವ ಪಟ್ಟಿ) ಎಲ್ಲ ಸೇರಿ ಒಂದು.

ಆ ವ್ಯವಸ್ಥೆ ಪಾಸಾಗಬೇಕಾದ ಪರೀಕ್ಷೆ ಎಎಸ್‌ಟಿಎಂ ಇ331. ಕಡಿಮೆ ಎಂದರೆ ನಾಲ್ಕಡಿ ಗುಣಿಸು ಎಂಟಡಿ ಗೋಡೆ ಕಟ್ಟಬೇಕು. ಅದರಲ್ಲಿ ಒಂದು ಕಿಟಕಿಯಂಥ ತೆರಪು, ಒಂದು ಕಂಟ್ರೋಲ್ ಜಾಯಿಂಟ್ (ಹಿಗ್ಗಿ ಕುಗ್ಗಲು ಬೇಕಂತಲೇ ಬಿಟ್ಟ ಸಂದು), ಮಾಡಿನ ಅಂಚು ಗೋಡೆಗೆ ಸೇರುವ ಜಾಗ, ಗೋಡೆಯ ಬುಡ, ಇಷ್ಟೂ ಇರಬೇಕು. ಹೊರಮೈಗೆ ಒಂದೇ ಸಮ ನೀರು ಸಿಂಪಡಿಸಿ ಒಳಗಿನಿಂದ ಗಾಳಿ ಎಳೆಯುತ್ತಾರೆ. ಸಿಂಪಡಿಸುವ ಪ್ರಮಾಣ ಚದರ ಮೀಟರಿಗೆ ನಿಮಿಷಕ್ಕೆ 3.4 ಲೀಟರ್, ಅಂದರೆ ಗಂಟೆಗೆ 200 ಮಿಲಿಮೀಟರ್ ಮಳೆ ಸುರಿದ ಹಾಗೆ. ಒತ್ತಡದ ವ್ಯತ್ಯಾಸ ಚದರ ಅಡಿಗೆ 6.24 ಪೌಂಡ್, ಸುಮಾರು 300 ಪ್ಯಾಸ್ಕಲ್. ಗಂಟೆಗೆ 80 ಕಿಲೋಮೀಟರ್ ವೇಗದ ಗಾಳಿ ಗೋಡೆಗೆ ಬಡಿದರೆ ಹತ್ತಿರ ಹತ್ತಿರ ಇಷ್ಟೇ ಒತ್ತಡ. ಇದನ್ನು ಎರಡು ಗಂಟೆ ನಡೆಸಬೇಕು.

ಪಾಸು–ಫೇಲು ಹೇಳುವ ವಾಕ್ಯವನ್ನು ನಾನು ಮನೆಯವರಿಗೆ ಎರಡು ಸಲ ಓದಿ ಹೇಳಿದೆ. ಕಂಟ್ರೋಲ್ ಜಾಯಿಂಟ್ ದಾಟಿ ನೀರು ಹೋಗಬಾರದು. ತೆರಪಿನ ಸುತ್ತಲ ಸಂದು ದಾಟಿ ಹೋಗಬಾರದು. ಬೇರೆ ಬೇರೆ ವಸ್ತು ಕೂಡುವ ಜಾಗ ದಾಟಿ ಹೋಗಬಾರದು. ಬೋರ್ಡಿನ ನಡುಭಾಗದ ಮಾತೇ ಅಲ್ಲಿಲ್ಲ. ಕೋಡ್ ಬರೆದವರಿಗೂ ನೀರು ಎಲ್ಲಿ ನುಗ್ಗುತ್ತದೆ ಅಂತ ಚೆನ್ನಾಗಿ ಗೊತ್ತು.

ಅವರು ಇದನ್ನು ಕಲಿತದ್ದು ಕಷ್ಟಪಟ್ಟೇ. 1995ರ ಸುಮಾರಿಗೆ ನಾರ್ತ್ ಕರೊಲಿನಾದ ವಿಲ್ಮಿಂಗ್ಟನ್ನಿನಲ್ಲಿ ಫೋಮ್ ಮೇಲೆ ತೆಳುವಾಗಿ ಗಾರೆ ಬಳಿದ ಮನೆಗಳ ಗೋಡೆ ತೆರೆದಾಗ ಒಳಗಿನ ಮರ ಕೊಳೆತಿತ್ತು. ಫೋಮ್ ಚೆನ್ನಾಗೇ ಇತ್ತು. ಮುಖ್ಯವಾಗಿ ಕಿಟಕಿ ಸುತ್ತಲಿನ ಸಂದಿನಿಂದ ನೀರು ಒಳಹೋಗಿತ್ತು. ಹೊರಗೆ ಬರುವುದಕ್ಕೆ ದಾರಿ ಇರಲಿಲ್ಲ.

ಪ್ರತಿ ಮನೆಗೂ ಯಾರೂ ಲ್ಯಾಬಿನಲ್ಲಿ ಗೋಡೆ ಕಟ್ಟಿಸುವುದಿಲ್ಲ. ತಯಾರಕರು ಒಂದು ಸಲ ಪರೀಕ್ಷೆ ಮಾಡಿಸಿ ಮೌಲ್ಯಮಾಪನ ವರದಿ ಪಡೆದಿರುತ್ತಾರೆ. ಫೋಮ್ ಶೀತಿಂಗನ್ನು ನೀರು ತಡೆಯಲು ಬಳಸುವುದಕ್ಕೆ ಇಂಥ ವರದಿ ಕೊಡುವ ಐಸಿಸಿ–ಇಎಸ್ ಸಂಸ್ಥೆಯ ಮಾನದಂಡ ಎಸಿ71. ಈ ಬೋರ್ಡಿಗೂ ಅದರ ಪ್ರಕಾರ ವರದಿ ಇತ್ತು. ಕಾಂಟ್ರಾಕ್ಟರ್ ಅದನ್ನು ಡೌನ್‌ಲೋಡ್ ಮಾಡಿರಲಿಲ್ಲ, ಅಷ್ಟೇ. ಮನೆಯವರಿಗೆ ಕಳಿಸಿದೆ. ‘ಮುಗೀತಲ್ವಾ ಸರ್? ಪ್ರಿಂಟ್ ತೆಗೆದು ಕೊಟ್ಟುಬಿಡ್ತೀನಿ’ ಅಂದರು.

ಮುಗಿದಿರಲಿಲ್ಲ. ಇಂಥ ವರದಿಯ ಮೊದಲ ಪುಟ ಎಲ್ಲರೂ ಓದುತ್ತಾರೆ. ಜೀವ ಇರುವುದು ‘ಅಳವಡಿಕೆ’ ಮತ್ತು ‘ಷರತ್ತುಗಳು’ ಅನ್ನುವ ಭಾಗದಲ್ಲಿ. ಇದರಲ್ಲಿ ಬೋರ್ಡಿನ ಕನಿಷ್ಠ ದಪ್ಪ, ಸ್ಟಡ್‌ಗಳ ಅಂತರ, ಸ್ಕ್ರೂಗಳ ಅಂತರ, ಸೈಡಿಂಗ್ ಮುಚ್ಚುವ ಮುಂಚೆ ಫೋಮ್ ಬಿಸಿಲಿಗೆ ಎಷ್ಟು ದಿನ ಇರಬಹುದು, ಎಲ್ಲ ಬರೆದಿತ್ತು. ಎಲ್ಲಕ್ಕಿಂತ ಮುಖ್ಯ, ಟೇಪಿನ ಹೆಸರಿತ್ತು. ‘ಒಳ್ಳೆಯ ಟೇಪ್’ ಅಂತಲ್ಲ, ಇಂಥ ಕಂಪನಿಯ ಇಂಥದ್ದೇ ಟೇಪ್, ಇಷ್ಟು ಅಗಲ. ಪರೀಕ್ಷೆಯ ದಿನ ಸಂದಿನ ಮೇಲೆ ಇದ್ದದ್ದು ಅದೊಂದೇ. ಅದನ್ನು ಬದಲಿಸಿದರೆ ವರದಿ ಈ ಗೋಡೆಯ ಬಗ್ಗೆ ಮಾತಾಡುವುದಿಲ್ಲ.

ಶನಿವಾರ ಬೆಳಿಗ್ಗೆ ಹೋಗಿ ಗೋಡೆ ಸುತ್ತಿದೆ. ದಕ್ಷಿಣ ಮತ್ತು ಪೂರ್ವದಲ್ಲಿ ವರದಿಯ ಟೇಪೇ ಇತ್ತು. ಮೈಮೇಲೆ ಹೆಸರು ಅಚ್ಚಾಗಿತ್ತು. ಉತ್ತರಕ್ಕೆ ತಿರುಗಿದಾಗ ಅಚ್ಚು ಬದಲಾಯಿತು. ಪಶ್ಚಿಮದಲ್ಲೂ ಅದೇ. ಕೆಲಸದ ನಡುವೆ ಮೊದಲಿನ ಟೇಪ್ ಖಾಲಿಯಾಗಿತ್ತು, ಅಂಗಡಿಯಲ್ಲಿ ಸಿಕ್ಕಿದ್ದು ತಂದು ಹಾಕಿದ್ದರು. ಒಂದು ಅಡ್ಡ ಸಂದಿನ ಮೇಲೆ ಹೆಬ್ಬೆರಳಿನ ಉಗುರು ಆಡಿಸಿದೆ. ಟೇಪಿನ ಮೇಲಂಚು ಅಲ್ಲಲ್ಲಿ ಮೀನಿನ ಬಾಯಿ ಹಾಗೆ ತೆರೆದಿತ್ತು. ಎಳೆದರೆ ಅರ್ಧ ಅಡಿ ಸಲೀಸಾಗಿ ಬಂತು. ಅಂಟಿನ ಮೇಲೆ ಫೋಮ್ ಕೊರೆದ ಪುಡಿ, ನುಣ್ಣಗೆ ರವೆ ಚೆಲ್ಲಿದ ಹಾಗೆ. ಒರೆಸದೆ ಹಾಕಿದ್ದಾರೆ, ರೋಲರ್ ಒತ್ತಿಲ್ಲ. ಇಂಥ ಟೇಪುಗಳ ಅಂಟು ಹಿಡಿಯುವುದೇ ಒತ್ತಿದರೆ. ಬರೀ ಕೈ ಸವರಿದರೆ ಸಾಲದು. ಮೇಲಂಚು ತೆರೆದರೆ ಗೋಡೆ ಮೇಲೆ ಇಳಿದು ಬರುವ ನೀರಿಗೆ ಅದೇ ಬೊಗಸೆ.

ಕಾಂಟ್ರಾಕ್ಟರ್ ಎರಡನೇ ಟೇಪಿನ ಕಂಪನಿಯಿಂದ ಒಂದು ಪತ್ರ ತರಿಸಿದ. ‘ನಮ್ಮ ಟೇಪ್ ಎಕ್ಸ್‌ಪಿಎಸ್ ಫೋಮ್‌ಗೆ ಹೊಂದುತ್ತದೆ’ ಅಂತ. ಪಾಪ, ಅವನ ಪ್ರಯತ್ನ ಪ್ರಾಮಾಣಿಕವಾಗೇ ಇತ್ತು. ಆದರೆ ಹೊಂದುತ್ತದೆ ಅಂದರೆ ಅಂಟು ಫೋಮನ್ನು ಕರಗಿಸುವುದಿಲ್ಲ, ಅಂಟಿಕೊಳ್ಳುತ್ತದೆ ಅಂತ ಅರ್ಥ. ಆ ಜೋಡಿಯನ್ನು ಗೋಡೆಗೆ ಕಟ್ಟಿ ಎರಡು ಗಂಟೆ ನೀರು ಹೊಡೆದು ನೋಡಿದ್ದೇವೆ ಅಂತಲ್ಲ. ಇನ್‌ಸ್ಪೆಕ್ಟರ್ ಆ ಪತ್ರವನ್ನು ಒಪ್ಪಲಿಲ್ಲ. ನಾನಾಗಿದ್ದರೂ ಒಪ್ಪುತ್ತಿರಲಿಲ್ಲ.

ಪರ್ಯಾಯ ವಸ್ತು, ವಿಧಾನ ಒಪ್ಪುವ ಅಧಿಕಾರ ಆರ್104.11ರ ಕೆಳಗೆ ಕಟ್ಟಡ ಅಧಿಕಾರಿಗೆ ಇದೆ. ಹಾಗಾಗಿ ಅವರ ಜೊತೆ ಕೂತು ಮಾತಾಡಿದೆವು. ಆ ಜೋಡಿಯನ್ನೇ ಲ್ಯಾಬಿಗೆ ಕಳಿಸಬಹುದಿತ್ತು. ಒಂದು ಮನೆಗೋಸ್ಕರ ಅದು ದುಬಾರಿ, ವಾರಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಫೋಮ್ ಬಿಸಿಲಿಗೆ ಇರಬಹುದಾದ ದಿನಗಳೂ ಮುಗಿಯುತ್ತಿದ್ದವು. ಟೇಪ್ ಕಿತ್ತು ಹೊಸದು ಹಾಕುವುದನ್ನೂ ನೋಡಿದೆವು. ಕಿತ್ತ ಕಡೆ ಹಳೆಯ ಅಂಟು ಉಳಿಯುತ್ತಿತ್ತು, ಚೆನ್ನಾಗಿ ಹಿಡಿದ ಕಡೆ ಫೋಮ್‌ನ ಮೈಪದರವೇ ಎದ್ದು ಬರುತ್ತಿತ್ತು. ಅಂಥ ಮೈ ಮೇಲೆ ಹಾಕಿದ ಟೇಪಿಗೂ ವರದಿಯ ಬೆಂಬಲ ಇಲ್ಲ.

ಉಳಿದದ್ದು ಹೌಸ್‌ರ‍್ಯಾಪ್. ಉತ್ತರ, ಪಶ್ಚಿಮ ಗೋಡೆಗೆ ಇ2556 ಹಾಳೆ ಹೊದಿಸಿದರೆ ನೀರು ತಡೆಯುವ ಪದರ ಅದೇ ಆಗುತ್ತದೆ. ಕೆಳಗಿನ ಟೇಪ್ ಯಾವುದಾದರೂ ಕೋಡ್ ಲೆಕ್ಕಕ್ಕೆ ಬರುವುದಿಲ್ಲ. ಕಾಂಟ್ರಾಕ್ಟರ್ ಮುಖ ಬಾಡಿತು. ಹೌಸ್‌ರ‍್ಯಾಪ್ ಉಳಿಸೋಣ ಅಂತಲೇ ಇಷ್ಟೆಲ್ಲ ಆಗಿದ್ದು. ಆದರೂ ನಾನು ಇದನ್ನೇ ಹೇಳಿದೆ, ಈಗಲೂ ಅದೇ ಹೇಳುತ್ತೇನೆ. ಅನುಮಾನ ಇರುವ 300 ಅಡಿ ಸಂದಿಗಿಂತ ಮೇಲಿನಿಂದ ಕೆಳಕ್ಕೆ ಹೊದಿಕೆ ಹಾಗೆ ಇಳಿಯುವ ಒಂದು ಹಾಳೆ ಮೇಲು. ಎರಡೂ ವ್ಯವಸ್ಥೆ ಸೇರುವ ಮೂಲೆಗಳಲ್ಲಿ ಹಾಳೆಯನ್ನು ಒಂದಡಿ ಆಚೆಗೆ ಸುತ್ತಿ ವರದಿಯ ಟೇಪಿನಿಂದ ಮುಚ್ಚುವುದು, ಕಿಟಕಿಗಳ ತಲೆಯ ಮೇಲೆ ಹಾಳೆಯನ್ನು ಸೀಳಿ ಫ್ಲ್ಯಾಶಿಂಗ್ ಮೇಲಕ್ಕೆ ಇಳಿಬಿಡುವುದು ಅಂತ ಚಿತ್ರ ಬರೆದು ಕೊಟ್ಟೆ. ಕಟ್ಟಡ ಅಧಿಕಾರಿ ಒಪ್ಪಿದರು. ದಕ್ಷಿಣ–ಪೂರ್ವಕ್ಕೆ ಫೋಮ್ ವರದಿ, ಉತ್ತರ–ಪಶ್ಚಿಮಕ್ಕೆ ಹಾಳೆಯ ವರದಿ.

ಕಾಗದದ ಕೆಲಸ ಅಲ್ಲಿಗೆ ಮುಗಿಯಿತು. ನನಗೆ ಮಾತ್ರ ಸಮಾಧಾನ ಆಗಿರಲಿಲ್ಲ. ಆ ಟೇಪನ್ನು ಒತ್ತದೆ ಹಾಕಿದ ಕೈಗಳೇ ಕಿಟಕಿಗಳನ್ನೂ ಕೂರಿಸಿದ್ದವು ಅಲ್ವಾ? ಎರಡಿಂಚಿನ ಎಕ್ಸ್‌ಪಿಎಸ್ ಆವಿಯನ್ನೂ ತುಂಬಾ ಕಮ್ಮಿ ಬಿಡುತ್ತದೆ. ಅದರ ಹಿಂದೆ ನೀರು ಸೇರಿದರೆ ಹೊರಗಡೆಗೆ ಒಣಗುವ ಮಾತಿಲ್ಲ. ಒಎಸ್‌ಬಿ ಒಳಮುಖವಾಗಿ, ನಿಧಾನವಾಗಿ ಒಣಗಬೇಕು.

ಪೂರ್ವದ ಒಂದು ಕೋಣೆಯಲ್ಲಿ ಒಳಗಿನ ಡ್ರೈವಾಲ್ (ಜಿಪ್ಸಮ್ ಹಲಗೆ) ಹೇಗೂ ಕಿತ್ತಿದ್ದರು. ಆ ಕಿಟಕಿಗೆ ಸ್ಥಳದಲ್ಲೇ ನೀರಿನ ಪರೀಕ್ಷೆ ಮಾಡೋಣ ಅಂದೆ. ಎಎಸ್‌ಟಿಎಂ ಇ1105 ಇದಕ್ಕೇ ಇರುವ ವಿಧಾನ. ಹೊರಗೆ ಸಿಂಪಡಿಸುವ ಚೌಕಟ್ಟು, ಒಳಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿದು ಸಣ್ಣ ಬ್ಲೋವರ್‌ನಿಂದ ಗಾಳಿ ಎಳೆಯುವುದು. ಒತ್ತಡ 137 ಪ್ಯಾಸ್ಕಲ್, 15 ನಿಮಿಷ. ಲ್ಯಾಬಿನ ಎರಡು ಗಂಟೆಗೆ ಇದು ಸಮ ಅಲ್ಲ, ಕೋಡ್ ಸಾಬೀತಿಗೆ ಇದನ್ನು ಕೊಡಲೂ ಆಗುವುದಿಲ್ಲ. ಇದು ನಮ್ಮ ತಿಳಿವಳಿಕೆಗೆ.

ಇಲ್ಲಿ ಇದ್ದದ್ದು ವರದಿಯ ಟೇಪ್. ಒಳಗೆ ನಾನು, ಮನೆಯವರು, ಕಾಂಟ್ರಾಕ್ಟರ್, ಮೂವರೂ ಟಾರ್ಚ್ ಹಿಡಿದು ಕೂತೆವು. ಐದು ನಿಮಿಷ, ಏನೂ ಇಲ್ಲ. ಹತ್ತು ನಿಮಿಷ, ಏನೂ ಇಲ್ಲ. ಹನ್ನೊಂದನೇ ನಿಮಿಷಕ್ಕೆ ಕಿಟಕಿಯ ಎಡಗಡೆ ಕೆಳಮೂಲೆಯಲ್ಲಿ ಮರದ ಬಣ್ಣ ಒಂದು ಕಾಸಿನಷ್ಟು ಗಾಢವಾಯಿತು. ಆಮೇಲೆ ಒಂದು ಹನಿ ಮೂಡಿ, ಸ್ವಲ್ಪ ಹೊತ್ತು ನಿಂತು, ಸ್ಟಡ್ ಗುಂಟ ಇಳಿಯಿತು. ಯಾರೂ ಮಾತಾಡಲಿಲ್ಲ.

ಮರುದಿನ ಕಿಟಕಿ ಬಿಚ್ಚಿದೆವು. ಕೆಳಗೆ ನೀರು ಹಿಡಿದು ಹೊರಕ್ಕೆ ಕಳಿಸುವ ಸಿಲ್ ಪ್ಯಾನ್ ಇರಲೇ ಇಲ್ಲ. ಸಾಲದ್ದಕ್ಕೆ ಕಿಟಕಿಯ ಕೆಳಗಿನ ಫ್ಲ್ಯಾಂಜಿಗೂ (ಗೋಡೆಗೆ ಹೊಡೆಯುವ ಅಂಚಿಗೂ) ಟೇಪ್ ಹಾಕಿ ಪೂರ್ತಿ ಮುಚ್ಚಿದ್ದರು. ಮೂರು ಕಡೆ ಮುಚ್ಚಿ ಕೆಳಗೆ ಬಿಡಬೇಕು. ಕಿಟಕಿ ಚೌಕಟ್ಟಿನ ಮೂಲೆ ಒಂದಲ್ಲ ಒಂದು ದಿನ ಹನಿಸುತ್ತದೆ, ಆ ಹನಿ ಹೊರಗೆ ಹೋಗುವುದಕ್ಕೆ ಅದೇ ದಾರಿ. ‘ಜಾಸ್ತಿ ಟೇಪ್ ಹಾಕಿದರೆ ಜಾಸ್ತಿ ಭದ್ರ ಅಂದ್ಕೊಂಡೆ’ ಅಂದ ಕಾಂಟ್ರಾಕ್ಟರ್. ಅವನನ್ನು ಬೈಯುವ ಮನಸ್ಸಾಗಲಿಲ್ಲ. ಹಾಗೆ ಅಂದುಕೊಂಡವರನ್ನು ನಾನು ತುಂಬಾ ನೋಡಿದ್ದೇನೆ.

ಹದಿನಾಲ್ಕೂ ಕಿಟಕಿ ಬಿಚ್ಚಬೇಕಾಯಿತು. ಪ್ರತಿ ತೆರಪಿನ ಬುಡಕ್ಕೆ ಮೂಲೆಗಳಲ್ಲಿ ಎಳೆದರೆ ಬಗ್ಗುವ ಅಂಟು ಫ್ಲ್ಯಾಶಿಂಗಿನಿಂದ ಪ್ಯಾನ್ ಮಾಡಿದರು. ಒಳಗಡೆ ಅಂಚಿಗೆ ಸಣ್ಣ ಕಟ್ಟೆ. ದಕ್ಷಿಣ, ಪೂರ್ವದಲ್ಲಿ ಪ್ಯಾನಿನ ಹೊರ ಅಂಚು ಫೋಮ್ ಮುಖದ ಮೇಲೆ ಇಳಿಯಬೇಕು, ಹಿಂದಕ್ಕಲ್ಲ, ಯಾಕೆಂದರೆ ಆ ಗೋಡೆಗಳಲ್ಲಿ ನೀರು ಹರಿಯುವ ಮೈ ಫೋಮ್‌ನದ್ದು. ಆರು ದಿನದ ಕೆಲಸ. ಕೂಲಿ ಕಾಂಟ್ರಾಕ್ಟರ್ ಹಾಕಿಕೊಂಡ, ಸಾಮಾನು ಮನೆಯವರು ಕೊಂಡರು. ಅದೇ ಪೂರ್ವದ ಕಿಟಕಿಗೆ ಮತ್ತೆ 15 ನಿಮಿಷ ನೀರು ಹೊಡೆದೆವು. ಮೂಲೆ ಒಣಗೇ ಇತ್ತು. ಹೊರಗೆ ಕೆಳಗಿನ ಅಂಚಿನಿಂದ ನೀರು ಸಣ್ಣಗೆ ತೊಟ್ಟಿಕ್ಕುತ್ತಿತ್ತು. ಪ್ಯಾನ್ ತನ್ನ ಕೆಲಸ ಮಾಡುತ್ತಿತ್ತು.

ಇನ್‌ಸ್ಪೆಕ್ಟರ್ ಎರಡನೇ ಸಲ ಬಂದಾಗ ಒಂದು ಫೈಲ್ ಕೊಟ್ಟೆವು. ಅವಧಿ ಮುಗಿಯದ ಎರಡು ವರದಿ, ಅವುಗಳಲ್ಲಿ ಈ ಗೋಡೆಗೆ ಸಂಬಂಧಪಟ್ಟ ಸಾಲುಗಳಿಗೆ ಗುರುತು. ಪ್ರತಿ ಗೋಡೆಯ ಟೇಪ್ ಅಥವಾ ಹಾಳೆಯ ಹೆಸರು ಕಾಣುವಂಥ ಫೋಟೋ. ಅಳತೆ ಪಟ್ಟಿ ಇಟ್ಟು ತೆಗೆದ ಸ್ಕ್ರೂಗಳ ಫೋಟೋ. ಹದಿನಾಲ್ಕು ಕಿಟಕಿಗಳ ಬುಡದ ಫೋಟೋ, ಕಿಟಕಿ ಕೂರಿಸುವ ಮುಂಚಿನವು. ಫೋಮ್ ಬಿಸಿಲಿಗೆ ತೆರೆದ ದಿನಾಂಕ. ಸ್ಥಳದ ಪರೀಕ್ಷೆಯ ಟಿಪ್ಪಣಿಯನ್ನೂ ಇಟ್ಟಿದ್ದೆವು, ಮೊದಲ ಸಲ ಸೋರಿದ್ದು ಸೇರಿಸಿ. ಅದು ಬೇಡ ಅಂತ ಕಾಂಟ್ರಾಕ್ಟರ್ ಅಂದಿದ್ದ. ಇನ್‌ಸ್ಪೆಕ್ಟರ್ ಜಾಸ್ತಿ ಹೊತ್ತು ಓದಿದ್ದು ಅದನ್ನೇ. ಆಮೇಲೆ ಎದ್ದು ಹೋಗಿ ದಕ್ಷಿಣದ ಗೋಡೆಯ ಒಂದು ಅಡ್ಡ ಸಂದಿನ ಮೇಲೆ ತಮ್ಮ ಉಗುರು ಆಡಿಸಿದರು. ಟೇಪ್ ಅಲುಗಲಿಲ್ಲ. ಸಹಿ ಹಾಕಿದರು. ಫೋಮ್‌ಗೆ ಬೆಂಕಿ ವಿಷಯದಲ್ಲಿ ಬೇಕಾದ ದಾಖಲೆ ಆರ್316ರ ಕೆಳಗೆ ಬೇರೆಯೇ ಕೇಳಿದರು. ಅದು ಸುಲಭವಾಗಿ ಸಿಕ್ಕಿತು.

ಸೈಡಿಂಗ್ ಮುಚ್ಚುವ ಮುಂಚೆ ಮನೆಯವರನ್ನು ಕೇಳಿ ಎರಡು ಜಾಗದಲ್ಲಿ, ಪೂರ್ವದ ಆ ಕಿಟಕಿಯ ಕೆಳಗೆ ಮತ್ತು ಉತ್ತರದ ಮೂಲೆಯಲ್ಲಿ, ಒಎಸ್‌ಬಿಗೆ ತೇವ ಅಳೆಯುವ ಪಿನ್ ಕೂರಿಸಿ ವೈರನ್ನು ಒಳಗಿನ ಒಂದು ಸ್ವಿಚ್ ಡಬ್ಬಿಗೆ ತಂದೆವು. ಸೋರಿದ ಕಿಟಕಿಯ ಕೆಳಗೆ ಮೊದಲ ದಿನ 19 ಶೇಕಡಾ ತೋರಿಸಿತು. ಚಳಿಗಾಲ ಶುರುವಾಗುವಾಗ 15. ಹಿಮ ಕರಗಿ ವಸಂತದ ಮಳೆ ಮುಗಿದ ಮೇಲೆ ಮನೆಯವರು ಮೀಟರಿನ ಫೋಟೋ ಕಳಿಸಿದರು. ಪೂರ್ವಕ್ಕೆ 12, ಉತ್ತರಕ್ಕೆ 11. ಕೆಳಗೆ ಒಂದು ಸಾಲು ಬರೆದಿದ್ದರು: ‘ಸರ್, ಸಂದು ಹೊರಗಿದ್ರೂ ಈಗ ಒಳಗಿಂದ್ಲೇ ನೋಡ್ಬೋದು.’